ಬೆಟ್ಟದ ಸೈಕಲ್ಲಿಗೆ ಏರೇ ಭಾರ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದರೆ ಮೊದಲರ್ಧ ದಾರಿಯಲ್ಲಿ ಸೈಕಲ್ ಸವಾರನಿಗೆ ಹೆಚ್ಚು ತಕರಾರಿಲ್ಲ. ತೊಗರಿ ಬೆಳೆಯುವ ಎರೆಭೂಮಿ ಬಹುಪಾಲು ಸಮತಟ್ಟು. ಸುಮಾರು 35 ಕಿಲೋಮೀಟರ್ ದೂರದ ಕಮಲಾಪುರ ಹತ್ತಿರವಾದಂತೆ ಮಣ್ಣು ಕೆಂಪಾಗುತ್ತದೆ, ದಾರಿ ಏರಿಳಿಯತೊಡಗುತ್ತದೆ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಕೆಂಪು ಬಾಳೆ ಬೆಳೆಯುವುದು ಈ ಗುಡ್ಡಗಳ ನಡುವಿನ ತಗ್ಗಿನಲ್ಲೇ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದ್ದರೆ ಹುಮನಾಬಾದ್ 600 ಮೀಟರ್ ದಾಟಿದೆ. 2017ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಬೀದರ್–ಕಲಬುರಗಿ ರೈಲು ಮಾರ್ಗಕ್ಕೆ ಕಮಲಾಪುರ ತಾಲೂಕಿನ ಮರಗುತ್ತಿಯ ಬಳಿ ಸುರಂಗವನ್ನೇ ಕೊರೆಯಬೇಕಾಯಿತು.

ಇಂಥ ನೆಲದಲ್ಲಿ ಹೈಸ್ಕೂಲು ಹುಡುಗರ ಕಣ್ಣು ಬೀಳುವುದು ಒಂದೇ ಬಗೆಯ ಸೈಕಲ್ಲಿನ ಮೇಲೆ: 26 ಇಂಚಿನ ದಪ್ಪ ಟೈರು, ಮುಂದೊಂದು ಹಿಂದೊಂದು ಶಾಕ್, ಚೌಕಟ್ಟಿನ ಮೇಲೆ ಎದ್ದು ಕಾಣುವ ‘ಎಂಟಿಬಿ’ (ಮೌಂಟನ್ ಬೈಕ್, ಅಂದರೆ ಬೆಟ್ಟದ ಸೈಕಲ್) ಎಂಬ ಅಕ್ಷರ. ಗೇರು ಮಾತ್ರ ಒಂದೇ. ಅಪ್ಪ ಕೂಡಿಟ್ಟ ದುಡ್ಡಿನಲ್ಲಿ ಅದು ಮನೆಗೆ ಬರುತ್ತದೆ. ಮೊದಲ ಏರಿನಲ್ಲೇ ಹುಡುಗ ಇಳಿದು ದೂಡತೊಡಗುತ್ತಾನೆ, ತನ್ನ ಕಾಲಲ್ಲೇ ಕಸುವಿಲ್ಲ ಎಂದುಕೊಳ್ಳುತ್ತಾನೆ. ತಪ್ಪು ಅವನ ಕಾಲಿನದಲ್ಲ, ಹಲ್ಲುಗಳ ಲೆಕ್ಕದ್ದು.

ಇಂಥ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಪೆಡಲಿನ ಬಳಿಯ ಚೈನ್ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲ್‌ಗೆ 18 ಹಲ್ಲು. ಪೆಡಲ್ ಒಂದು ಸುತ್ತು ತಿರುಗಿದರೆ ಸೈಕಲ್ ಸುಮಾರು 5 ಮೀಟರ್ ಮುಂದೆ ಹೋಗಬೇಕು. ಬಯಲು ರಸ್ತೆಗೆ ಇದು ಚೆನ್ನಾದ ಲೆಕ್ಕ. ಹಾಲಿನ ಕ್ಯಾನು ಹೊತ್ತ ಹಳೆಯ ಕರಿ ಸೈಕಲ್ಲುಗಳಿಗೂ ಹೆಚ್ಚುಕಡಿಮೆ ಇದೇ ಲೆಕ್ಕವಿತ್ತು. ಅದನ್ನೇ ಎತ್ತಿ ಬೆಟ್ಟದ ಸೈಕಲ್ಲಿಗೂ ಕೂರಿಸಲಾಗಿದೆ. ಬೆಟ್ಟದಲ್ಲಿ ಒಂಟಿ ಗೇರಿನಲ್ಲೇ ಓಡಿಸುವ ಹವ್ಯಾಸಿಗಳು ಹೊರದೇಶಗಳಲ್ಲಿ ಬಹಳ ಮಂದಿ ಇದ್ದಾರೆ. 26 ಇಂಚಿನ ಗಾಲಿಗೆ ಅವರು ಬಹುಕಾಲದಿಂದ ಇಟ್ಟುಕೊಂಡು ಬಂದ ಅಳತೆ ಮುಂದೆ 32, ಹಿಂದೆ 16. ಪೆಡಲ್ ಒಂದು ಸುತ್ತು ಬಂದರೆ ಗಾಲಿ ಎರಡೇ ಸುತ್ತು, ಅಂದರೆ 4 ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ಅವರ ಸೈಕಲ್ ನಮ್ಮ ಹುಡುಗರದ್ದಕ್ಕಿಂತ ಎಷ್ಟೋ ಹಗುರ. ಆದರೂ ಗೇರನ್ನು ಅಷ್ಟು ಇಳಿಸಿಕೊಂಡಿದ್ದಾರೆ.

ಬೆಟ್ಟದ ಸೈಕಲ್ ಹುಟ್ಟಿದ್ದೇ ಒಂಟಿ ಗೇರಿನಲ್ಲಿ ಎಂಬ ಮಾತಿದೆ, ಅದು ನಿಜ ಕೂಡ. 1976ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ‘ರೀಪ್ಯಾಕ್’ ಎಂಬ ಪಂದ್ಯ ಶುರುವಾಯಿತು. ಗೆಳೆಯರ ಗುಂಪೊಂದು ಹಳೆಯ ಭಾರದ ಸೈಕಲ್ಲುಗಳನ್ನು ಮಣ್ಣಿನ ಇಳಿಜಾರಿನಲ್ಲಿ ಬಿಡುತ್ತಿತ್ತು. ಒಂದೇ ಇಳಿತಕ್ಕೆ ಹಿಂದಿನ ಹಬ್ಬಿನ ಬ್ರೇಕು ಕಾದು ಗ್ರೀಸೆಲ್ಲ ಉರಿದುಹೋಗಿ, ಮತ್ತೆ ಗ್ರೀಸ್ ತುಂಬಬೇಕಾಗುತ್ತಿದ್ದುದರಿಂದ ಪಂದ್ಯಕ್ಕೆ ಆ ಹೆಸರು. ಆದರೆ ಅವರು ಆ ಸೈಕಲ್ಲುಗಳನ್ನು ಗುಡ್ಡದ ತಲೆಗೆ ಒಯ್ಯುತ್ತಿದ್ದುದು ದೂಡಿಕೊಂಡು, ಇಲ್ಲವೇ ಟ್ರಕ್ಕಿನಲ್ಲಿ ಹೇರಿಕೊಂಡು. ನಮ್ಮ ಹುಡುಗ ಬೆಳಗ್ಗೆ ಹತ್ತಲೂ ಬೇಕು, ಸಂಜೆ ಇಳಿಯಲೂ ಬೇಕು.

ಹಲ್ಲಿನ ಲೆಕ್ಕಕ್ಕಿಂತ ನನಗೆ ಹೆಚ್ಚು ಸಂಕಟವಾಗುವುದು ಹಿಂದಿನ ಶಾಕ್ ನೋಡಿದಾಗ. ಗೇರು ಒಂದೇ ಇದ್ದರೆ ಏರಿನಲ್ಲಿ ಸೀಟು ಬಿಟ್ಟು ಎದ್ದು ನಿಂತೇ ತುಳಿಯಬೇಕು. ಮೈಭಾರವೆಲ್ಲ ಒಂದೊಂದೇ ಪೆಡಲಿನ ಮೇಲೆ ಬೀಳುವುದೇ ಅಲ್ಲಿನ ಬಲ. ಆದರೆ ಎದ್ದು ನಿಂತ ಕ್ಷಣದಿಂದ ಹಿಂದಿನ ಸ್ಪ್ರಿಂಗ್ ಪ್ರತಿ ತುಳಿತಕ್ಕೂ ಕುಸಿದು ಏಳುತ್ತದೆ, ಗಾಲಿಗೆ ಸೇರಬೇಕಾದ ಶಕ್ತಿಯಲ್ಲಿ ಒಂದು ಪಾಲನ್ನು ತಾನೇ ನುಂಗುತ್ತದೆ. ನಿಂತು ತುಳಿಯಲೇಬೇಕಾದ ಸೈಕಲ್ಲಿಗೆ ನಿಂತು ತುಳಿಯಲು ಬಿಡದ ಚೌಕಟ್ಟು! ಅದರ ಜೊತೆಗೆ ಆ ಸ್ಪ್ರಿಂಗ್ ಮತ್ತು ಕಬ್ಬಿಣದ ಕೊಳವೆಗಳ ಭಾರವನ್ನೂ ಅವನೇ ಹೊತ್ತು ಹತ್ತಬೇಕು.

ಚೈನ್ ಇಳಿಯುವ ಕಾಟವೂ ಇಲ್ಲಿಂದಲೇ ಶುರು. ಶಾಕ್ ಕುಸಿದಾಗ ಹಿಂಗಾಲಿಯ ಭಾಗ ಒಂದು ಕೀಲಿನ ಸುತ್ತ ತಿರುಗುತ್ತದೆ. ಆ ಕೀಲು ಪೆಡಲಿನ ಅಕ್ಷದಲ್ಲೇ ಇಲ್ಲದಿದ್ದರೆ ಪೆಡಲಿಗೂ ಗಾಲಿಗೂ ನಡುವಿನ ಅಂತರ ಪ್ರತಿ ಗುಂಡಿಗೂ ಹೆಚ್ಚುಕಡಿಮೆಯಾಗುತ್ತದೆ. ಗೇರ್ ಸೈಕಲ್ಲಿನಲ್ಲಿ ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಡಿರೈಲರಿನ ಸ್ಪ್ರಿಂಗು ಆ ವ್ಯತ್ಯಾಸವನ್ನು ನುಂಗಿಕೊಳ್ಳುತ್ತದೆ. ಒಂಟಿ ಗೇರಿನಲ್ಲಿ ಅದಿಲ್ಲ. ಹಾಗಾಗಿ ಚೈನನ್ನು ಮೊದಲೇ ಸಡಿಲ ಬಿಡಬೇಕಾಗುತ್ತದೆ. ಸಡಿಲ ಚೈನು ಕಲ್ಲುದಾರಿಯಲ್ಲಿ ಕುಣಿದು ಹಲ್ಲು ಬಿಟ್ಟು ಕೆಳಗಿಳಿಯುತ್ತದೆ, ಅದೂ ಮೈಭಾರ ಪೂರ್ತಿ ಪೆಡಲಿನ ಮೇಲಿರುವ ಏರಿನಲ್ಲಿ ಇಳಿದರೆ ಸವಾರ ಮುಂದಿನ ಕೊಳವೆಯ ಮೇಲೆ ಬೀಳುತ್ತಾನೆ. ಕೀಲನ್ನು ಪೆಡಲಿನ ಅಕ್ಷದ ಸುತ್ತಲೇ ಕೂರಿಸಿದರೆ, ಇಲ್ಲವೇ ಚೈನ್ ಬಿಗಿಹಿಡಿಯುವ ಸ್ಪ್ರಿಂಗ್ ಗಾಲಿಯೊಂದನ್ನು ಕೊಟ್ಟರೆ ಇದು ತಪ್ಪುತ್ತದೆ. ನನ್ನ ಮಟ್ಟಿಗೆ ಕೇಳಿದರೆ ಹಿಂದಿನ ಶಾಕೇ ಬೇಡ. ಕಮಲಾಪುರದ ಬಂಡಿದಾರಿಗೆ ದಪ್ಪ ಟೈರಿನ ಗಾಳಿಯೇ ಸಾಕಷ್ಟು ಮೆತ್ತೆ.

ಹಳೆಯ ಸೈಕಲ್ಲಿನಲ್ಲಿ ಹಿಂಗಾಲಿಯ ಅಕ್ಷ ಕೂರುವ ಸೀಳು ನೆಲಕ್ಕೆ ಸಮಾನಾಂತರವಾಗಿ ಅಡ್ಡಕ್ಕಿರುತ್ತಿತ್ತು. ಚೈನಿನ ಒಂದೊಂದು ಕೊಂಡಿಯ ಅಳತೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಸುಮಾರು ಒಂದೂಕಾಲಿನಿಂದ ಒಂದೂವರೆ ಮೀಟರ್ ಉದ್ದದ ಚೈನು ಸವೆದು ಶೇ 1ರಷ್ಟು ಉದ್ದವಾದರೆ ಗಾಲಿಯನ್ನು 6–7 ಮಿಲಿಮೀಟರ್ ಹಿಂದಕ್ಕೆ ಎಳೆದು ಬಿಗಿ ಮಾಡಬೇಕು. ಅಡ್ಡ ಸೀಳಿದ್ದರೆ ಮಿಸ್ತ್ರಿ ಪಾನಾ ಹಾಕಿ ಎರಡು ನಟ್ಟು ಸಡಿಲಿಸಿದರೆ ಮುಗಿಯಿತು. ಗೇರ್ ಸೈಕಲ್ಲಿನ ಚೌಕಟ್ಟನ್ನೇ ತಂದು ಒಂಟಿ ಗೇರು ಹಾಕಿದ ಕಡೆ ಸೀಳು ನೆಟ್ಟಗೆ ಕೆಳಮುಖವಾಗಿರುತ್ತದೆ, ಗಾಲಿ ಹಿಂದೆ ಸರಿಯಲು ಜಾಗವೇ ಇಲ್ಲ. ಡಿಸ್ಕ್ ಬ್ರೇಕ್ ಸೇರಿದರಂತೂ ಇನ್ನೊಂದು ತೊಡಕು: ಅಡ್ಡ ಸೀಳಿದ್ದರೂ ಗಾಲಿ ಹಿಂದೆ ಸರಿದರೆ ಡಿಸ್ಕೂ ಸರಿಯುತ್ತದೆ, ಅದನ್ನು ಹಿಡಿಯುವ ಬ್ರೇಕಿನ ಭಾಗ ಅಲ್ಲೇ ಉಳಿಯುತ್ತದೆ.

ದುಬಾರಿ ಸೈಕಲ್ಲುಗಳಲ್ಲಿ ಇದಕ್ಕೆ ಜಾಣ ಉಪಾಯಗಳಿವೆ. ಪೆಡಲಿನ ಅಕ್ಷವನ್ನೇ ಓರೆಕೇಂದ್ರದ ಉರುಳೆಯಲ್ಲಿ ಕೂರಿಸಿ, ಅದನ್ನು ತಿರುಗಿಸಿ ಚೈನ್ ಬಿಗಿ ಮಾಡುವುದು ಒಂದು. ಚೈನಿನ ಬದಲು ರಬ್ಬರಿನಂಥ ಬೆಲ್ಟು ಇನ್ನೊಂದು. ಆದರೆ ಬೇಸಿಗೆಯ ಧೂಳು ಹೊಕ್ಕರೆ ಉರುಳೆ ಕಿರುಗುಟ್ಟುತ್ತದೆ, ಕೊನೆಗೆ ಕಚ್ಚಿ ಹಿಡಿಯುತ್ತದೆ. ಬೆಲ್ಟನ್ನು ಕೊಂಡಿ ಬಿಚ್ಚಿ ಹಾಕುವಂತಿಲ್ಲ, ಅದನ್ನು ತೂರಿಸಲು ಚೌಕಟ್ಟೇ ಒಂದೆಡೆ ಬಿಚ್ಚಿಕೊಳ್ಳಬೇಕು. ಕಮಲಾಪುರದ ಪಂಕ್ಚರ್ ಅಂಗಡಿಯಲ್ಲಿ ರಿಪೇರಿಯಾಗದ ವಸ್ತು ಕಮಲಾಪುರದ ಹುಡುಗನಿಗೆ ಉಪಯೋಗಕ್ಕೆ ಬಾರದು.

ಹಾಗಾದರೆ ಗೇರ್ ಸೈಕಲ್ಲೇ ಕೊಳ್ಳಬಹುದಲ್ಲ? ಮಳೆಗಾಲದಲ್ಲಿ ಎರೆಮಣ್ಣು ನೋಡಿದವರು ಹಾಗೆ ಹೇಳುವುದಿಲ್ಲ. ಅದು ಟೈರಿಗೆ, ಚೌಕಟ್ಟಿಗೆ, ಚೈನಿಗೆ ಮೆತ್ತಿ ಗಟ್ಟಿಯಾಗುತ್ತದೆ. ಕೆಳಗೆ ಜೋತುಬಿದ್ದ ಅಗ್ಗದ ಡಿರೈಲರು ಬಾಗಿ ಕಡ್ಡಿಗಳಿಗೆ ಸಿಕ್ಕಿಕೊಂಡರೆ ಗಾಲಿಯೇ ಹೋಯಿತು. ಅಗಲ ಚೈನು, ಒಂದೇ ಫ್ರೀವೀಲ್, ಅಡ್ಡ ಸೀಳು: ಈ ನೆಲಕ್ಕೆ ಒಂಟಿ ಗೇರೇ ಸರಿ. ಸರ್ಕಾರ 2006–07ರಿಂದ ಹಲವು ವರ್ಷ ಎಂಟನೇ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳು ಒಂಟಿ ಗೇರಿನವೇ, ನೋಡಲು ಸಾದಾ. ಚೈನಿನ ಮಟ್ಟಿಗೆ ಶಾಕ್ ಹಾಕಿದ ಥಳುಕಿನವುಗಳಿಗಿಂತ ಅವೇ ಮೇಲು.

ಗೇರನ್ನು ನೆಲಕ್ಕೆ ತಕ್ಕಂತೆ ಬದಲಿಸುವ ಹಳೆಯ ದಾರಿಯೂ ಒಂದಿತ್ತು. 1937ರವರೆಗೆ ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ ಡಿರೈಲರ್ ಬಳಸುವಂತಿರಲಿಲ್ಲ. ಸವಾರರು ಹಿಂಗಾಲಿಯ ಎರಡೂ ಬದಿಗೆ ಬೇರೆ ಬೇರೆ ಹಲ್ಲಿನ ಚಕ್ರ ಹಾಕಿಕೊಂಡು, ಪರ್ವತದ ಬುಡದಲ್ಲಿ ಇಳಿದು ಗಾಲಿಯನ್ನೇ ತಿರುವಿ ಹಾಕುತ್ತಿದ್ದರು. ಎರಡೂ ಬದಿಗೆ ಚಕ್ರ ಕೂರಿಸುವ ತಿರುಪಿನ ಗೆರೆಯಿರುವ ಅಂಥ ಹಬ್ಬನ್ನು ನಮ್ಮ ಕಂಪನಿಗಳು ಇಂದೂ ಮಾಡಿಕೊಡಬಹುದು.

ಅಲ್ಲಿಯತನಕ ಮಾಡಬಹುದಾದದ್ದು ಸುಲಭ. 18 ಹಲ್ಲಿನ ಫ್ರೀವೀಲ್ ಬಿಚ್ಚಿಸಿ 22 ಹಲ್ಲಿನದನ್ನು ಹಾಕಿಸಿ, ಚೈನಿಗೆ ಎರಡು ಕೊಂಡಿ ಸೇರಿಸಿಕೊಳ್ಳಿ. ಅದೇ ಏರಿಗೆ ಕಾಲಿನ ಮೇಲೆ ಬೀಳುವ ಒತ್ತಡ ಶೇ 18ರಷ್ಟು ಇಳಿಯುತ್ತದೆ. ಕಲಬುರಗಿ ಕಡೆಯ ಬಯಲಿನಲ್ಲಿ ಕಾಲು ಕೊಂಚ ಬೇಗ ಬೇಗ ತಿರುಗಿಸಬೇಕಾದೀತು. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 15 ಕಿಲೋಮೀಟರ್ ವೇಗ ಸಿಗುತ್ತದೆ, ಶಾಲೆಗೆ ಹೋಗುವವನಿಗೆ ಅಷ್ಟು ಸಾಕು. ಹೊಸದು ಕೊಳ್ಳುವವರು ಅಂಗಡಿಯಲ್ಲೇ ಕೂತು ಮುಂದಿನ ಹಲ್ಲು, ಹಿಂದಿನ ಹಲ್ಲು ಎಣಿಸಲಿ, ಹಿಂದಿನ ಸೀಳು ಅಡ್ಡ ಇದೆಯೋ ನೆಟ್ಟಗಿದೆಯೋ ನೋಡಲಿ. ‘ಎಂಟಿಬಿ’ ಎಂದು ಬರೆಯುವ ಕಂಪನಿಗಳು ಹಲ್ಲಿನ ಎಣಿಕೆಯನ್ನೂ ಅದೇ ಚೌಕಟ್ಟಿನ ಮೇಲೆ ಬರೆಯಲಿ.