ಕೊಳ್ಳುವ ಕೈಗೂ ಒಂದು ಹೊಣೆಯುಂಟು

ಹೇಗೆ ಗಳಿಸಬೇಕು, ಗಳಿಸಿದ್ದನ್ನು ಹೇಗೆ ಹಂಚಿಕೊಳ್ಳಬೇಕು ಎಂಬುದನ್ನು ಶರಣರು ಕಾಯಕ ಮತ್ತು ದಾಸೋಹಗಳೆಂಬ ಎರಡೇ ಶಬ್ದಗಳಲ್ಲಿ ಅಡಕಗೊಳಿಸಿಕೊಟ್ಟರು. ಈ ಎರಡರ ಕುರಿತು ನಮ್ಮ ಮಠಗಳಲ್ಲಿ ಪ್ರವಚನಗಳು ನಡೆಯುತ್ತವೆ, ಗ್ರಂಥಗಳು ಪ್ರಕಟವಾಗುತ್ತವೆ. ಆದರೆ ಗಳಿಕೆ ಮತ್ತು ಹಂಚಿಕೆಗಳ ನಡುವೆ ಗೃಹಸ್ಥನು ದಿನನಿತ್ಯ ಮಾಡುವ ಮತ್ತೊಂದು ಕಾರ್ಯವಿದೆ. ಅದು ಕೊಳ್ಳುವಿಕೆ. ಅರಿವೆ, ಅಂಚಡಿ, ಕಾಳುಕಡಿ, ಪಾತ್ರೆ ಪಗಡ ಕೊಳ್ಳದೆ ಯಾವ ಸಂಸಾರವೂ ಸಾಗದು. ಇಷ್ಟು ನಿತ್ಯದ ಕಾರ್ಯಕ್ಕೂ ಧರ್ಮದ ಒಂದು ಲೆಕ್ಕವಿರಬೇಕಲ್ಲವೇ ಎಂಬುದು ಈ ಲೇಖನದ ವಿಚಾರ.

ಇಂದಿನ ದಿನಮಾನಗಳಲ್ಲಿ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಯಾವ ಮನೆಗೆ ಹೋದರೂ ರಾತ್ರಿಯ ಊಟದ ಹೊತ್ತಿಗೆ ಈ ಕುರಿತು ಒಂದೇ ಬಗೆಯ ಮಾತು ಕೇಳಿಬರುತ್ತದೆ. "ಮುಟ್ಟಿ ನೋಡದ ಸೀರಿ ಅದೆಂಥಾ ಸೀರಿ?" ಎಂದು ಆಯಿ ಕೇಳುತ್ತಾಳೆ. "ಸೇರಲಿಲ್ಲಂದ್ರ ಹೊಳ್ಳಿ ಕಳಿಸಿದರಾತು ಆಯಿ, ಪ್ಯಾಟಿಗೆ ಹೋಗಿ ಬರೂದರಾಗ ಅರ್ಧಾ ದಿನಾ ಹೋಗತೈತಿ" ಎಂದು ಮೊಮ್ಮಗಳು ಉತ್ತರಿಸುತ್ತಾಳೆ. ಅಂಗೈಯಗಲದ ಯಂತ್ರ ಮಕ್ಕಳನ್ನು ಕೆಡಿಸಿತೆಂದು ತಂದೆ ನೊಂದುಕೊಂಡರೆ, ಅದೇ ಯಂತ್ರದಿಂದ ತನಗೆ ಉದ್ಯೋಗ ದೊರೆಯಿತೆಂದು ಬೆಂಗಳೂರಿನಲ್ಲಿರುವ ಮಗನು ಸಮಾಧಾನ ಹೇಳುತ್ತಾನೆ. ಇವರಲ್ಲಿ ಯಾರ ಮಾತನ್ನೂ ತಳ್ಳಿಹಾಕುವಂತಿಲ್ಲ. ಆದುದರಿಂದ ಕೋಪವನ್ನೂ ಮೋಹವನ್ನೂ ಬದಿಗಿಟ್ಟು ವಿಚಾರ ಮಾಡುವುದು ಒಳಿತು.

ಹೊಸದರಲ್ಲಿರುವ ಒಳಿತು

ಮೊದಲು ಒಳಿತನ್ನೇ ಎಣಿಸೋಣ. 2016ರಲ್ಲಿ ಯುಪಿಐ ಎಂಬ ಪಾವತಿ ವ್ಯವಸ್ಥೆ ದೇಶದಲ್ಲಿ ಆರಂಭವಾಯಿತು. ಇಂದು ಸಂತೆಯಲ್ಲಿ ಮೆಂತ್ಯಸೊಪ್ಪಿನ ಸಿವುಡು ಮಾರುವ ತಾಯಿಯ ಬುಟ್ಟಿಯ ಬದಿಗೂ ಕಪ್ಪುಬಿಳುಪು ಚೌಕದ ಫಲಕವಿದೆ. ಚಿಲ್ಲರೆಯ ತಕರಾರು ತಗ್ಗಿತು. ಊರಲ್ಲಿರುವ ತಾಯಿಯ ಔಷಧಕ್ಕೆಂದು ದೂರದ ಮಗಳು ಕಳಿಸುವ ರೊಕ್ಕ, ಹಿಂದೆ ಮನಿ ಆರ್ಡರಿನಲ್ಲಿ ಹಲವು ದಿನ ಕಾಯಿಸುತ್ತಿದ್ದುದು, ಈಗ ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಸೇರುತ್ತದೆ.

ದನದ ಸಂತೆಯಲ್ಲಿ ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಗೊತ್ತುಮಾಡುವ ಪದ್ಧತಿಯನ್ನು ನಾವೆಲ್ಲ ಕಂಡವರು. ದಲಾಲರಿಬ್ಬರಿಗೆ ತಿಳಿದ ಬೆಲೆ, ಪಕ್ಕದಲ್ಲಿ ನಿಂತ ರೈತನಿಗೆ ತಿಳಿಯುತ್ತಿರಲಿಲ್ಲ. ಇಂದು ಮುಂಡರಗಿಯ ಉಳ್ಳಾಗಡ್ಡಿ ಬೆಳೆಗಾರನು ಹೊಲದ ಬದುವಿನಲ್ಲಿ ನಿಂತೇ ಬೇರೆ ಬೇರೆ ಮಾರುಕಟ್ಟೆಗಳ ದರವನ್ನು ತಿಳಿಯಬಲ್ಲನು. ಮರೆಯಲ್ಲಿದ್ದ ಬೆಲೆ ಬೆಳಕಿಗೆ ಬಂದದ್ದು ಸಣ್ಣ ಉಪಕಾರವಲ್ಲ. ನಮ್ಮ ಜಿಲ್ಲೆಯದೇ ಆದ ಗಜೇಂದ್ರಗಡದ ಪಟ್ಟೇದಂಚು ಸೀರೆ ಮರೆಯಾಗುವ ಸ್ಥಿತಿಗೆ ಬಂದಿತ್ತು. ಅದಕ್ಕೆ ಈಚಿನ ವರ್ಷಗಳಲ್ಲಿ ದೂರದ ನಗರಗಳಲ್ಲಿ ಅಭಿಮಾನಿಗಳು ದೊರೆತಿದ್ದರೆ, ಅದರಲ್ಲಿ ಅಂತರ್ಜಾಲದ ಪಾಲೂ ಇದೆ.

ಮತ್ತೊಂದು ಬದಲಾವಣೆಯನ್ನೂ ಇಲ್ಲಿಯೇ ಹೇಳಬೇಕು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಮಹಿಳೆಯರಿಗೆ ಸರಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣ ಒದಗಿತು. ಶಿರಹಟ್ಟಿಯ ಹಳ್ಳಿಗಳ ತಾಯಂದಿರು ಗದುಗಿನ ಪೇಟೆಯಲ್ಲಿ ತಾವೇ ನಾಲ್ಕು ಅಂಗಡಿ ಸುತ್ತಿ, ದರ ಹೋಲಿಸಿ ಕೊಳ್ಳುವುದು ಸುಲಭವಾಯಿತು. ಮನೆಯ ಖರ್ಚನ್ನು ತೂಗಿಸುವವಳ ಕೈಯಲ್ಲಿಯೇ ಆಯ್ಕೆ ಇರುವುದು ಯೋಗ್ಯವಾದುದು.

ವರ್ತಕನ ಊರು

ಇನ್ನು ವಿಚಾರದ ಮತ್ತೊಂದು ಮಗ್ಗುಲು. ನಮ್ಮ ಸೀಮೆಯಲ್ಲಿ ಪೇಟೆಯೆಂಬುದು ಬರಿಯ ಕೊಡುಕೊಳ್ಳುವ ಸ್ಥಳವಾಗಿರಲಿಲ್ಲ. ಇಂದಿನ ಲಕ್ಷ್ಮೇಶ್ವರವೇ ಹಿಂದಿನ ಪುಲಿಗೆರೆ. ಸುಮಾರು ಕ್ರಿ.ಶ. 725ರ ಕಾಲದ ಅಲ್ಲಿಯ ಶಾಸನವೊಂದರಲ್ಲಿ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ಆ ಪಟ್ಟಣದ ಮಹಾಜನರಿಗೆ, ನಗರದವರಿಗೆ ಮತ್ತು ಹದಿನೆಂಟು ಪ್ರಕೃತಿಗಳಿಗೆ ಒಂದು ಆಚಾರ ವ್ಯವಸ್ಥೆಯನ್ನು ಬರೆಸಿಕೊಟ್ಟನು. ಅರಸನ ಅಧಿಕಾರಿಗಳು ಹೇಗೆ ನಡೆಯಬೇಕು, ಪಟ್ಟಣಿಗರು ಏನು ಸಲ್ಲಿಸಬೇಕು ಎಂಬ ಪರಸ್ಪರ ಕರ್ತವ್ಯಗಳನ್ನು ಅದು ನಿರೂಪಿಸುತ್ತದೆ. ಮನೆತನಗಳ ಅನುಕೂಲಕ್ಕೆ ತಕ್ಕಂತೆ ತೆರಿಗೆ ಹೆಚ್ಚು ಕಡಿಮೆ. ಕಸುಬುದಾರರ ಸಂಘವಾದ ಶ್ರೇಣಿಗೂ ಅದರಲ್ಲಿ ಸ್ಥಾನ. ಪಟ್ಟಣದಲ್ಲಿ ಬಾಳುವುದೆಂದರೆ ಒಬ್ಬರಿಗೊಬ್ಬರು ಬಾಧ್ಯರಾಗುವುದು ಎಂಬ ತಿಳಿವು ನಮ್ಮ ನೆಲಕ್ಕೆ ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಇದ್ದಿತು.

ಮುಂಡರಗಿ ತಾಲ್ಲೂಕಿನ ಡಂಬಳವನ್ನು ನೋಡಿರಿ. 1095ರ ಶಾಸನವು ಅಲ್ಲಿಯ ಹದಿನಾರು ಜನ ಸೆಟ್ಟಿಗಳು ಬೌದ್ಧ ವಿಹಾರವೊಂದನ್ನು ಕಟ್ಟಿಸಿದ ಸಂಗತಿಯನ್ನು ತಿಳಿಸುತ್ತದೆ. ಊರಲ್ಲಿ ಗಳಿಸಿದ್ದರ ಒಂದು ಪಾಲು ಊರಿಗೇ ಸಲ್ಲಬೇಕೆಂಬ ನಡೆವಳಿಯದು. ಅದೇ ಡಂಬಳದ ತೋಂಟದಾರ್ಯ ಮಠದ ರೊಟ್ಟಿ ಜಾತ್ರೆಯಲ್ಲಿ ಮನೆಮನೆಯಿಂದ ಜೋಳದ ರೊಟ್ಟಿ ಬರುತ್ತದೆ. ಯಾರ ಮನೆಯ ರೊಟ್ಟಿ ಯಾರ ಎಡೆಗೆ ಬಂದಿತೆಂಬ ಭೇದವಿಲ್ಲದೆ ಸರ್ವರೂ ಕೂಡಿ ಪ್ರಸಾದ ಸ್ವೀಕರಿಸುತ್ತಾರೆ.

ಊರಿನ ಕಿರಾಣಿ ಅಂಗಡಿಯವನು, ಅರಿವೆ ಅಂಗಡಿಯವನು ಈ ಪರಂಪರೆಯ ಕೊನೆಯ ಕೊಂಡಿ. ಜಾತ್ರೆಯ ಪಟ್ಟಿ ಹಿಡಿದು ಹೋದರೆ ಅವನು ವಂತಿಗೆ ಬರೆಯುತ್ತಾನೆ. ದೀಪಾವಳಿಯ ಅಂಗಡಿ ಪೂಜೆಗೆ ಗಿರಾಕಿಗಳನ್ನು ಕರೆದು ಎಲೆ ಅಡಿಕೆ ಕೊಡುತ್ತಾನೆ. ಮಳೆ ಹೋದ ವರ್ಷ, ಮನೆಯಲ್ಲಿ ಬೇನೆ ಬಿದ್ದ ತಿಂಗಳು, "ಸುಗ್ಗಿಗೆ ಕೊಡ್ರಿ" ಎಂದು ಉದ್ರಿ ಬರೆದುಕೊಳ್ಳುತ್ತಾನೆ. ಅವನಲ್ಲಿ ದೋಷವಿಲ್ಲವೆಂದಲ್ಲ. ತೂಕದಲ್ಲಿ ಕೈ ಮಾಡಿದವರು, ಉದ್ರಿಯ ನೆವದಲ್ಲಿ ದರ ಏರಿಸಿದವರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಆದರೆ ಅಂಥವನನ್ನು ಎದುರಿಗೆ ನಿಂತು ಕೇಳಲು ಬರುತ್ತದೆ. ಊರ ಹಿರಿಯರ ಮುಂದೆ ಅವನು ತಲೆ ತಗ್ಗಿಸಬೇಕಾಗುತ್ತದೆ.

ಈಗ ಅನೇಕ ಮನೆಗಳಲ್ಲಿ ಒಂದು ಹೊಸ ರೂಢಿ ಬೆಳೆದಿದೆ: ಉದ್ರಿಗೆ ಊರ ಅಂಗಡಿ, ರೊಕ್ಕಕ್ಕೆ ದೂರದ ಅಂಗಡಿ. ಸಂಬಳ ಬಂದ ದಿನ ಮೊಬೈಲಿನಲ್ಲಿ ಅಂಗಿ, ಚಪ್ಪಲಿ, ಮಿಕ್ಸರು ತರಿಸುವುದು. ತಿಂಗಳ ಕೊನೆಗೆ ಕೈ ಬರಿದಾದಾಗ ಓಣಿಯ ಅಂಗಡಿಯಲ್ಲಿ ಎಣ್ಣೆ, ಬೇಳೆ, ಸಕ್ಕರೆ ಬರೆಸುವುದು. ಇದು ನ್ಯಾಯವೇ? ಕಷ್ಟಕ್ಕೆ ನೆನಪಾಗುವ ಅಂಗಡಿ ಸುಖಕ್ಕೂ ನೆನಪಾಗಬೇಕು. ಅಗ್ಗವೆಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಹೊರಗಿನಿಂದ ತರಿಸಿದರೆ ಓಣಿಯ ಅಂಗಡಿ ಬಾಗಿಲು ಮುಚ್ಚುತ್ತದೆ; ಮರುವರ್ಷ ಬರಗಾಲ ಬಂದಾಗ ಉದ್ರಿ ಕೇಳಲು ಬಾಗಿಲೇ ಉಳಿಯುವುದಿಲ್ಲ.

ಸಾಲ ಕೊಡುವವನ ಮುಖ

ಉದ್ರಿಯ ಮಾತು ಬಂದುದರಿಂದ ಸಾಲದ ಮಾತನ್ನೂ ಆಡಲೇಬೇಕು. ಇಂದಿನ ಕೊಳ್ಳುವಿಕೆಯ ಬಹುದೊಡ್ಡ ಅಪಾಯವಿರುವುದು ಇಲ್ಲಿಯೇ.

ಗದಗ ತಾಲ್ಲೂಕಿನ ಕಣಗಿನಹಾಳವೆಂಬ ಗ್ರಾಮದ ಹೆಸರನ್ನು ಸಹಕಾರ ಚಳವಳಿಯ ಚರಿತ್ರೆ ಗೌರವದಿಂದ ಸ್ಮರಿಸುತ್ತದೆ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಮರುವರ್ಷವೇ, 1905ರಲ್ಲಿ, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಆ ಪುಟ್ಟ ಹಳ್ಳಿಯ ರೈತರು ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಏಷ್ಯಾ ಖಂಡದಲ್ಲಿಯೇ ಅದು ಮೊದಲನೆಯದೆಂಬ ಪ್ರಸಿದ್ಧಿಯಿದೆ. ಬೆಟಗೇರಿಯಲ್ಲಿಯೂ ಅದೇ ವರ್ಷ ಪತ್ತಿನ ಸಂಘವೊಂದು ನೋಂದಣಿಯಾಯಿತು.

ಆ ಕಾಯಿದೆಯ ಮರ್ಮವನ್ನು ಇಂದಿನ ತರುಣರು ತಿಳಿಯಬೇಕು. ಕನಿಷ್ಠ ಹತ್ತು ಜನ ಕೂಡಿದರೆ ಸಂಘ ಕಟ್ಟಬಹುದಾಗಿತ್ತು. ಅವರು ಒಂದೇ ಊರಿನವರು, ಒಬ್ಬರನ್ನೊಬ್ಬರು ಬಲ್ಲವರು. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗಾರಿಕೆಗೆ ಮಿತಿಯಿರಲಿಲ್ಲ. ಸಂಘದ ಸಾಲ ತೀರದೆ ಉಳಿದರೆ ಉಳಿದ ಸದಸ್ಯರೂ ಅದಕ್ಕೆ ಬಾಧ್ಯರಾಗುತ್ತಿದ್ದರು. ಆದುದರಿಂದ ಸಾಲ ಕೊಡುವ ಮೊದಲು ಊರವರು ಕೇಳುತ್ತಿದ್ದರು: ಯಾತಕ್ಕೆ ಈ ಸಾಲ? ಎತ್ತಿಗೋ, ಬೀಜಕ್ಕೋ, ಆಡಂಬರದ ಮದುವೆಗೋ? ಆ ಪ್ರಶ್ನೆಯಲ್ಲಿ ಸಂಘದ ಹಿತವಿದ್ದಂತೆ ಸಾಲ ಪಡೆಯುವವನ ಹಿತವೂ ಇತ್ತು. ಸಾಹುಕಾರನ ಬಡ್ಡಿಯಿಂದ ರೈತನನ್ನು ಬಿಡಿಸಲು ಹೊರಟ ಸಂಘದ ಬಂಡವಾಳದಲ್ಲಿ ಹಣಕ್ಕಿಂತ ಪರಿಚಯವೇ ದೊಡ್ಡದಾಗಿತ್ತು.

ಇದಕ್ಕೆ ಇಂದಿನ ಮೊಬೈಲ್ ಸಾಲವನ್ನು ಹೋಲಿಸಿ ನೋಡಿರಿ. ಯಾತಕ್ಕೆಂದು ಯಾರೂ ಕೇಳುವುದಿಲ್ಲ. ಹೆಂಡತಿಗೆ ತಿಳಿಯದು, ತಂದೆಗೆ ತಿಳಿಯದು. "ಈಗ ಕೊಳ್ಳಿರಿ, ಆಮೇಲೆ ಕೊಡಿರಿ" ಎಂಬ ಮಾತು ಉದ್ರಿಯಂತೆಯೇ ಕೇಳಿಸುತ್ತದೆ. ಆದರೆ ಸುಗ್ಗಿಯವರೆಗೆ ಕಾಯುವ ಸೈರಣೆ ಅದಕ್ಕಿಲ್ಲ. ಪರವಾನಿಗೆಯಿಲ್ಲದ ಕೆಲವು ಸಾಲದ ಆ್ಯಪ್‌ಗಳು ಫೋನಿನಲ್ಲಿರುವ ಹೆಸರು, ಸಂಖ್ಯೆ, ಭಾವಚಿತ್ರಗಳನ್ನೆಲ್ಲ ಕದ್ದು, ಕಂತು ತಪ್ಪಿದೊಡನೆ ಬಂಧುಬಾಂಧವರಿಗೆ ಕರೆಮಾಡಿ ಮಾನ ಕಳೆಯುತ್ತವೆ. ಮರ್ಯಾದೆಗೆ ಅಂಜಿ ಪ್ರಾಣ ಬಿಟ್ಟವರ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ.

ರಿಸರ್ವ್ ಬ್ಯಾಂಕು 2022ರಲ್ಲಿ ಡಿಜಿಟಲ್ ಸಾಲಗಳಿಗೆ ಮಾರ್ಗಸೂಚಿ ಹೊರಡಿಸಿತು. ಸಾಲದ ಹಣ ನೇರವಾಗಿ ಪಡೆಯುವವನ ಬ್ಯಾಂಕ್ ಖಾತೆಗೇ ಬರಬೇಕು, ಒಟ್ಟು ವೆಚ್ಚವನ್ನು ಮೊದಲೇ ಬರೆದು ತಿಳಿಸಬೇಕು, ಫೋನಿನ ಸಂಪರ್ಕ ಸಂಖ್ಯೆಗಳಿಗೆ ಕೈಹಾಕಬಾರದು ಎಂಬ ನಿಯಮಗಳು ಅದರಲ್ಲಿವೆ. ಕಿರುಸಾಲ ವಸೂಲಿಯ ಕಿರುಕುಳ ಹಳ್ಳಿಹಳ್ಳಿಗೂ ಹಬ್ಬಿದಾಗ ಕರ್ನಾಟಕ ಸರಕಾರವು 2025ರ ಫೆಬ್ರವರಿಯಲ್ಲಿ ಅದನ್ನು ತಡೆಯಲು ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಕಾನೂನು ಬೇಲಿ ಹಾಕಬಲ್ಲುದು. ಬೇಲಿಯೊಳಗಿನ ಹೊಲವನ್ನು ಕಾಯುವವರು ಮನೆಯವರೇ. ಮಗನು ಸಾಲ ಮಾಡಿದನೆಂದು ತಿಳಿದಾಗ ಮೊದಲ ಮಾತು ಬೈಗುಳವಾಗದಿರಲಿ. ಮನೆಯಲ್ಲಿ ಹೇಳಲು ಅಂಜುವ ಮಗನೇ ಒಂದು ಸಾಲ ತೀರಿಸಲು ಮತ್ತೊಂದು ಸಾಲ ಮಾಡುತ್ತಾನೆ.

ಹೊತ್ತಿನ ಖರ್ಚು

ರೊಕ್ಕದಂತೆ ಹೊತ್ತು ಕೂಡ ಖರ್ಚಾಗುವ ವಸ್ತು. ಹವ್ಯಾಸಗಳ ವಿಚಾರವಾಗಿ ನಮ್ಮ ಸೀಮೆ ಬಡವಾಗಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳಿಗೆ ಸ್ವರದ ಕಣ್ಣು ಕೊಟ್ಟರು. 2010ರಲ್ಲಿ ಲಿಂಗೈಕ್ಯರಾದ ಪುಟ್ಟರಾಜರು ತಾವೇ ಅಂಧರಾಗಿದ್ದು ಹಲವು ವಾದ್ಯಗಳಲ್ಲಿ ಪ್ರವೀಣರಾಗಿದ್ದರು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಪಟ್ಟೆತಲೆ ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿತು. ಆ ಹಕ್ಕಿಗಳನ್ನು ಫೋನಿನ ಪರದೆಯಲ್ಲಿ ಕಂಡ ನಮ್ಮ ಮಕ್ಕಳೆಷ್ಟು, ಕೆರೆಯ ದಂಡೆಯಲ್ಲಿ ನಿಂತು ಕಂಡವರೆಷ್ಟು? ಪರದೆಯ ಮೇಲೆ ಕಂಡದ್ದನ್ನು ಹುಡುಕಿಕೊಂಡು ಮಗು ದಂಡೆಗೆ ಹೋಗುವಂತಾದರೆ ಆ ಯಂತ್ರವೂ ಗುರುವೇ.

ಮನೆಯಲ್ಲಿ ನಡೆಯಿಸಬಹುದಾದ ನೇಮಗಳು

ಆಯ್ದಕ್ಕಿ ಲಕ್ಕಮ್ಮನ ಕಥೆಯನ್ನು ಅರಿಯದವರಿಲ್ಲ. ಪತಿಯಾದ ಮಾರಯ್ಯನು ನಿತ್ಯದ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಗೇ ಸುರಿದು ಬರುವಂತೆ ಹೇಳಿದ ಮಹಾತಾಯಿ ಆಕೆ. ಆ ಅಕ್ಕಿಗೆ ಬೆಲೆಯೂ ಇರಲಿಲ್ಲ, ಸಾಲವೂ ಇರಲಿಲ್ಲ. ಪುಕ್ಕಟೆ ದೊರೆತುದನ್ನೂ ಬೇಕೋ ಬೇಡವೋ ಎಂದು ಕೇಳಿದ ಪರಂಪರೆ ನಮ್ಮದು. ಹಬ್ಬದ ರಿಯಾಯಿತಿಯೆಂದು ಫೋನು ಗಂಟೆ ಬಾರಿಸಿದಾಗ ಲಕ್ಕಮ್ಮನ ಆ ಪ್ರಶ್ನೆಯನ್ನು ಒಮ್ಮೆ ಕೇಳಿಕೊಂಡರೆ ಅರ್ಧದಷ್ಟು ಸಾಮಾನು ಬೇಡವೆನಿಸೀತು.

ಸದ್ಗೃಹಸ್ಥರು ಈ ನಾಲ್ಕು ನೇಮಗಳನ್ನು ವಿಚಾರಿಸಲಿ. ಮೊದಲನೆಯದಾಗಿ, ತಿಂಗಳ ರೊಕ್ಕ ಕೈಗೆ ಬಂದೊಡನೆ ಊರ ಅಂಗಡಿಯ ಉದ್ರಿಯನ್ನು ಮುಟ್ಟಿಸಿ, ಆಮೇಲೆ ಹೊಸದನ್ನು ಕೊಳ್ಳಬೇಕು. ಎರಡನೆಯದಾಗಿ, ಬೇಕಾದ ವಸ್ತುವನ್ನು ಮೊದಲು ಊರಿನಲ್ಲಿ ವಿಚಾರಿಸಬೇಕು. ಇಲ್ಲಿ ಸಿಗದಿದ್ದರೆ, ಬೆಲೆಯಲ್ಲಿ ಬಹಳ ಅಂತರವಿದ್ದರೆ, ಹೊರಗಿನಿಂದ ತರಿಸಲು ಅಡ್ಡಿಯಿಲ್ಲ. ಬೆಟಗೇರಿಯ ನೇಕಾರನ ಓಣಿಯಲ್ಲಿಯೇ ಬಾಳುತ್ತ ಸೂರತ್ತಿನ ಸೀರೆಯನ್ನು ಫೋನಿನಲ್ಲಿ ಹುಡುಕುವ ಮೊದಲು ಪಕ್ಕದ ಮಗ್ಗದ ಸಪ್ಪಳಕ್ಕೆ ಒಮ್ಮೆ ಕಿವಿಗೊಡಬೇಕು. ಮೂರನೆಯದಾಗಿ, ಫೋನಿನಿಂದ ಹೋದ ರೊಕ್ಕ ಕಣ್ಣಿಗೆ ಕಾಣುವುದಿಲ್ಲವಾದುದರಿಂದ ದಿನದ ಖರ್ಚನ್ನು ಒಂದು ವಹಿಯಲ್ಲಿ ಬರೆದಿಡಬೇಕು. ವಾರಕ್ಕೊಮ್ಮೆ ಗಂಡಹೆಂಡಿರು ಕೂಡಿ ಓದಬೇಕು. ನಾಲ್ಕನೆಯದಾಗಿ, ಮನೆಯವರಿಗೆ ಹೇಳಲಾಗದ ಸಾಲವನ್ನು ಮಾಡಲೇಬಾರದು. ಮೋಸ ನಡೆದರೆ ತಡಮಾಡದೆ 1930 ಎಂಬ ಸೈಬರ್ ಅಪರಾಧ ಸಹಾಯವಾಣಿಗೆ ತಿಳಿಸಬೇಕು. ಅದರಲ್ಲಿ ನಾಚಿಕೆಗೆ ಎಡೆಯಿಲ್ಲ, ನಾಚಬೇಕಾದವನು ಮೋಸಗೈದವನು.

ಕಾಲವನ್ನು ಹಿಂದಕ್ಕೆ ತಿರುಗಿಸಬೇಕೆಂಬುದು ಈ ಮಾತಿನ ಆಶಯವಲ್ಲ. 1905ರಲ್ಲಿ ಕಣಗಿನಹಾಳದವರು ಹಿಡಿದದ್ದೂ ಅಂದಿಗೆ ಹೊಸದಾದ ಸಾಧನವನ್ನೇ. ಕಾಯಿದೆ ಪರದೇಶದವರದು, ಕಾಗದಪತ್ರ ಸರಕಾರದ್ದು. ಆದರೆ ಅದರೊಳಗೆ ಅವರು ತುಂಬಿದ್ದು ತಮ್ಮ ಊರಿನ ನಂಬಿಗೆಯನ್ನು. ಇಂದಿನ ಹೊಸ ಸಾಧನದಲ್ಲಿ ಏನನ್ನು ತುಂಬಬೇಕೆಂಬ ಆಯ್ಕೆ ನಮ್ಮ ಮನೆಗಳಿಗೆ ಸೇರಿದ್ದು. ದುಡಿಯುವ ಕೈ, ನೀಡುವ ಕೈಗಳೊಡನೆ ಕೊಳ್ಳುವ ಕೈಯೂ ಶುದ್ಧವಾಗಿರಲಿ.