ಬೆದರೋ ಹಸು ಗಬ್ಬ ಆಗೋದು ಯಾಕೆ ಕಷ್ಟ?

ಬಂಗಾರಪೇಟೆ, ಕೋರಮಂಡಲ್ ಸುತ್ತಲಿನ ಹಳ್ಳಿಗಳಲ್ಲಿ ಎಷ್ಟೋ ಮನೆ ನಡೆಯೋದು ಡೇರಿ ದುಡ್ಡಲ್ಲೇ. ಹಸು ಬೆದೆಗೆ ಬಂತು, ಡಾಕ್ಟ್ರು ಬಂದ್ರು. ಆಮೇಲೆ? ನಾಲ್ಕು ಜನ ಹಿಡಿದು, ಬಾಲ ತಿರುಚಿ, ಕೂಗಾಟ! ಭಯಕ್ಕೆ ಹಸುವಿನ ಮೈಯಲ್ಲಿ ಕಾರ್ಟಿಸಾಲ್ ಏರುತ್ತೆ. ಅಂಡ ಬಿಡುಗಡೆ ಮಾಡಿಸೋ ಎಲ್‌ಎಚ್ ಹಾರ್ಮೋನ್ ತಡವಾಗಬಹುದು, ತಗ್ಗಲೂಬಹುದು. ಗಬ್ಬ ನಿಲ್ಲಲಿಲ್ಲ ಅಂದ್ರೆ ಮುಂದಿನ ಬೆದೆಗೆ ಸುಮಾರು 21 ದಿನ. ಅಲ್ಲೀವರೆಗೂ ಹಿಂಡಿ, ಬೂಸಾ ಖರ್ಚು ನಿಲ್ಲುತ್ತಾ?

ಮಾಂಸಕ್ಕೆ ದನ ಸಾಕೋ ಆಸ್ಟ್ರೇಲಿಯಾದಲ್ಲಿ, ಕಟಕಟೆಯಿಂದ ಬಿಟ್ಟ ದನ ಎಷ್ಟು ಜೋರಾಗಿ ಓಡುತ್ತೆ ಅಂತ ಅಳೆದು ನೋಡಿದ್ದಾರೆ. ಬೆದರಿ ಓಡೋವು ಸಾಮಾನ್ಯವಾಗಿ ನಿಧಾನಕ್ಕೆ ತೂಕ ಹಾಕ್ತವೆ. ಸ್ವಭಾವ ಸ್ವಲ್ಪ ಹುಟ್ಟಿನಿಂದಲೂ ಬರುತ್ತೆ, ನಿಜ. ಆದ್ರೆ ಕರು ಇದ್ದಾಗಿಂದ್ಲೇ ಮೈ ಸವರಿ ರೂಢಿ ಮಾಡಿದ್ರೆ ಕಟ್ಟಿದ ಕಡೆ ನಿಲ್ಲುತ್ತೆ. ಬೆದೆಯ ದಿನ ಪುಸಲಾಯಿಸೋಕೆ ಹೋದ್ರೆ ತಡ ಆಯ್ತು.