ನೆಲದಡಿ ಅಡಗಿದ್ದ ಅರಣ್ಯ

ಸಹಾರಾ ಮರುಭೂಮಿಯ ದಕ್ಷಿಣದ ಅಂಚಿನಲ್ಲಿ ನೈಜರ್ ಎಂಬ ದೇಶವಿದೆ. ಯಾವ ಮಗ್ಗುಲಿಗೂ ಸಮುದ್ರದ ಸೋಂಕಿಲ್ಲ. ವರ್ಷದಲ್ಲಿ ಮೂರು ನಾಲ್ಕು ತಿಂಗಳು ಮಳೆ. ಉಳಿದಂತೆ ಬಿಸಿಲು, ಧೂಳು. ಅಲ್ಲಿನ ರೈತರ ಮುಖ್ಯ ಬೆಳೆಗಳು ಮಾತ್ರ ನಮ್ಮ ಉತ್ತರ ಕರ್ನಾಟಕದವರಿಗೆ ಚಿರಪರಿಚಿತವಾದ ಸಜ್ಜೆ, ಜೋಳಗಳೇ!

1960ರ ದಶಕದ ಕೊನೆಯಲ್ಲಿ ಆರಂಭವಾದ ಭೀಕರ ಬರಗಾಲವು ಈ ನಾಡನ್ನು ಹಣ್ಣುಮಾಡಿತು. ಹೊಲಗಳಲ್ಲಿ ಮರಗಳಿರಲಿಲ್ಲ. ಬೀಸುವ ಗಾಳಿಯನ್ನು ತಡೆಯುವವರಿಲ್ಲದೆ ಮರಳು ಎಳೆಯ ಪೈರನ್ನು ಮುಚ್ಚಿಬಿಡುತ್ತಿತ್ತು. ಒಂದೇ ಮಳೆಗಾಲದಲ್ಲಿ ರೈತನು ಮೂರು ನಾಲ್ಕು ಸಲ ಬಿತ್ತಬೇಕಾಗುತ್ತಿತ್ತು.

ಮರಗಳೇಕೆ ಮಾಯವಾದುವು? ಬರವೂ ಕೊಡಲಿಯೂ ಕಾರಣವೆಂಬುದು ನಿಜ. ಆದರೆ ಕಾನೂನಿನ ಪಾಲೂ ಅಲ್ಪವಲ್ಲ. ಫ್ರೆಂಚರ ಆಳ್ವಿಕೆಯಿಂದ ಬಂದ ಕಟ್ಟಳೆಯಂತೆ ಮರವು ಸರ್ಕಾರದ ಸೊತ್ತು. ತನ್ನ ಹೊಲದ ಮರವನ್ನೇ ಅಪ್ಪಣೆಯಿಲ್ಲದೆ ಕಡಿದವನಿಗೆ ದಂಡ. ತನ್ನದಲ್ಲದ ಮರವನ್ನು ಸಾಕುವವರಾರು? ಮೊಳಕೆಯಲ್ಲಿಯೇ ಸವರಿಹಾಕುವುದು ರೈತನಿಗೆ ಕ್ಷೇಮವಾಗಿ ಕಂಡಿತು.

ಟೋನಿ ರಿನಾಡೊ ಎಂಬ ಆಸ್ಟ್ರೇಲಿಯದ ಕೃಷಿತಜ್ಞರು 1980ರ ದಶಕದ ಮೊದಲಲ್ಲಿ ಮರಾಡಿ ಪ್ರಾಂತ್ಯದಲ್ಲಿ ಸಸಿ ನೆಡಿಸುತ್ತಿದ್ದರು. ನೆಟ್ಟವುಗಳಲ್ಲಿ ಬಹುಪಾಲು ಒಣಗಿಹೋಗುತ್ತಿದ್ದುವು. 1983ರಲ್ಲಿ ಒಂದು ದಿನ, ಮರಳುದಾರಿಯಲ್ಲಿ ಗಾಲಿಗಳ ಗಾಳಿ ಇಳಿಸಲು ವಾಹನ ನಿಲ್ಲಿಸಿದಾಗ, ಒಂದು ಪೊದೆ ಅವರ ಕಣ್ಣಿಗೆ ಬಿತ್ತು. ಸಮೀಪ ಹೋಗಿ ನೋಡಿದರೆ ಅದು ಪೊದೆಯಲ್ಲ. ಕಡಿದ ಮರದ ಬೊಡ್ಡೆಯಿಂದ ಒಡೆದ ಚಿಗುರು! ಅಂಥ ಬೊಡ್ಡೆಗಳು ಹೊಲಹೊಲದಲ್ಲಿಯೂ ಇದ್ದುವು. ನೆಲದಡಿಯಲ್ಲಿ ಬೇರುಗಳು ಜೀವಂತವಾಗಿದ್ದುವು.

ಕೆಲಸ ಸುಲಭವಾದುದೇ. ಒಂದೊಂದು ಬೊಡ್ಡೆಯಲ್ಲಿಯೂ ನೆಟ್ಟಗಿನ ಕೆಲವು ಚಿಗುರುಗಳನ್ನು ಉಳಿಸಿ, ಮಿಕ್ಕವನ್ನು ಸವರಿ, ದನಕುರಿಗಳಿಂದ ಕಾಪಾಡಬೇಕು. ಸಸಿಯೂ ಬೇಡ, ನೀರು ಹೊತ್ತು ಹಾಕುವ ಶ್ರಮವೂ ಬೇಡ. ಮೊದಲು ನೆರೆಹೊರೆಯವರು ನಕ್ಕರು. 1984ರ ಕ್ಷಾಮದಲ್ಲಿ ಈ ಕೆಲಸ ಮಾಡಿದವರಿಗೆ ಧಾನ್ಯ ದೊರೆತಾಗ ಅನೇಕರು ಕೈಹಾಕಿದರು. ಅರಣ್ಯಾಧಿಕಾರಿಗಳೂ ಕ್ರಮೇಣ ಕಟ್ಟಳೆಯ ಬಿಗಿಯನ್ನು ಸಡಿಲಿಸಿದರು. ಮರದ ಫಲ ತನ್ನದೆಂಬ ಭರವಸೆ ಹುಟ್ಟಿದ ಮೇಲೆ ಊರಿಂದೂರಿಗೆ ಈ ವಿದ್ಯೆ ತಾನಾಗಿಯೇ ಹರಡಿತು.

ಅಲ್ಲಿನವರಿಗೆ ಅಚ್ಚುಮೆಚ್ಚಿನದು 'ಗಾವೊ' ಮರ. ನಮ್ಮ ಜಾಲಿಯ ಹತ್ತಿರದ ಬಂಧು. ಇದರ ನಡತೆಯೇ ವಿಚಿತ್ರ. ಮಳೆಗಾಲದಲ್ಲಿ ಎಲೆಯುದುರಿಸಿ ಪೈರಿಗೆ ಬಿಸಿಲು ಬಿಟ್ಟುಕೊಡುತ್ತದೆ; ಬೇಸಗೆಯಲ್ಲಿ ಚಿಗುರಿ ನೆರಳಾಗುತ್ತದೆ. ಎಲೆ ನೆಲಕ್ಕೆ ಗೊಬ್ಬರ, ಕಾಯಿ ದನಕ್ಕೆ ಮೇವು. ಸೌದೆಗಾಗಿ ಹರದಾರಿ ನಡೆಯುತ್ತಿದ್ದ ಹೆಂಗಸರಿಗೆ ಅದೀಗ ಹೊಲದಲ್ಲಿಯೇ ದೊರೆಯಿತು.

ಈ ಪರಿವರ್ತನೆಯ ವಿಸ್ತಾರವು ಹೊರಜಗತ್ತಿಗೆ ತಿಳಿದದ್ದು ಬಹಳ ತಡವಾಗಿ. ಭೂಗೋಳಜ್ಞರಾದ ಗ್ರೇ ಟಪ್ಪನ್ ಮತ್ತು ಕ್ರಿಸ್ ರೈಜ್ ಅವರು ಹಳೆಯ ವಿಮಾನಚಿತ್ರಗಳನ್ನು ಹೊಸ ಉಪಗ್ರಹಚಿತ್ರಗಳೊಡನೆ ಹೋಲಿಸಿ, ಊರೂರು ಸುತ್ತಿ ಪರಿಶೀಲಿಸಿದರು. ಮರಾಡಿ, ಜಿಂಡೆರ್ ಪ್ರಾಂತ್ಯಗಳಲ್ಲಿ ಸುಮಾರು 50 ಲಕ್ಷ ಹೆಕ್ಟೇರುಗಳು, ಎಂದರೆ ಒಂದೂಕಾಲು ಕೋಟಿ ಎಕರೆಗಳಷ್ಟು ನೆಲ, ಮತ್ತೆ ಮರ ಕಂಡಿತ್ತು! ಮರಗಳ ಸಂಖ್ಯೆ ಸುಮಾರು 20 ಕೋಟಿಯೆಂದು ಅಂದಾಜು. ರಿನಾಡೊ ಅವರಿಗೆ 2018ರಲ್ಲಿ 'ರೈಟ್ ಲೈವ್ಲಿಹುಡ್' ಪ್ರಶಸ್ತಿ ಸಂದಿತು. ನೈಜರ್ ಸರ್ಕಾರವು 2020ರಲ್ಲಿ ರೈತರ ಈ ಪದ್ಧತಿಗೆ ಶಾಸನದ ಮನ್ನಣೆಯನ್ನಿತ್ತಿತು.

ನೆಲ ಬರಡಾಗುವುದನ್ನು ತಡೆಯಲು ವಿಶ್ವಸಂಸ್ಥೆಯ ಆಶ್ರಯದಲ್ಲಿ 1994ರಲ್ಲಿ ಒಂದು ಒಪ್ಪಂದವಾಗಿದೆ. ಭಾರತವೂ ಅದಕ್ಕೆ ಸೇರಿದೆ. ನೈಜರಿನಲ್ಲಿ ಬಡತನ ನೀಗಿಲ್ಲ. ಮಳೆ ತಪ್ಪಿದ ವರ್ಷ ಅನ್ನಕ್ಕೆ ಪರದಾಟವೂ ತಪ್ಪಿಲ್ಲ. ಆದರೆ ಹೊಲದ ಮರದ ಮೇಲೆ ರೈತನಿಗೆ ಹಕ್ಕು ದೊರೆತರೆ ಅವನು ಅದನ್ನು ಕಾಯುತ್ತಾನೆಂಬುದನ್ನು ಆ ಬಡದೇಶವು ಜಗತ್ತಿಗೆ ತೋರಿಸಿಕೊಟ್ಟಿದೆ.